ರೈಲು ತಿರುಗುವ ಜಾಗ

ರೈಲು ಎಲ್ಲಿಗೆ ಹೋಗುತ್ತದೆ ಎಂದು ಕೇಳದವರಿಲ್ಲ, ಎಲ್ಲಿ ತಿರುಗಿಕೊಳ್ಳುತ್ತದೆ ಎಂದು ಕೇಳುವವರು ಮಾತ್ರ ತೀರಾ ಕಡಿಮೆ. ನಮ್ಮ ಮೂಡಲಪಾಳ್ಯ ಸರ್ಕಲ್ಲಿನಲ್ಲಿ ಸಂಜೆ ಹೊತ್ತು ಕಾಫಿ ಲೋಟ ಹಿಡಿದು ನಿಂತರೆ ಮೆಟ್ರೋ ಬಗ್ಗೆ ಬಾರದ ಮಾತಿಲ್ಲ. ಟಿಕೆಟ್ ದರ ಬರುತ್ತದೆ, ಲಿಫ್ಟು ಬರುತ್ತದೆ, ಅತ್ತಿಗುಪ್ಪೆ ಸ್ಟೇಷನ್ನಿನ ಕೆಳಗೆ ಆಟೋದವರು ಮೂಡಲಪಾಳ್ಯ ಎಂದರೆ ಬರುತ್ತಾರೋ ಇಲ್ಲವೋ ಎಂಬುದು ಬರುತ್ತದೆ, ನಾಗರಭಾವಿ ಕಡೆ ಬರಲಿರುವ ಕಿತ್ತಳೆ ಮಾರ್ಗಕ್ಕೆ ಯಾವ ಮರ ಹೋಗುತ್ತದೆ, ಯಾರ ಅಂಗಡಿ ಉಳಿಯುತ್ತದೆ ಎಂಬುದೂ ಬರುತ್ತದೆ. ಆದರೆ ನಾವು ಪ್ಲಾಟ್‌ಫಾರಂ ಮೇಲೆ ಹತ್ತು ನಿಮಿಷ ಕಾಯಬೇಕೋ ಐದು ನಿಮಿಷ ಸಾಕೋ, ಬಂದ ರೈಲಿನೊಳಗೆ ಕಾಲಿಡಲು ಜಾಗ ಇರುತ್ತದೋ ಇಲ್ಲವೋ ಎನ್ನುವುದನ್ನೆಲ್ಲ ನಿರ್ಣಯಿಸುವ ಸಂಗತಿ ಒಂದಿದೆಯಲ್ಲ, ಯಾವ ರೈಲನ್ನು ಎಲ್ಲಿಂದ ಹೊರಡಿಸಿ ಎಲ್ಲಿಯವರೆಗೆ ಓಡಿಸಿ ಎಲ್ಲಿ ಹಿಂದಕ್ಕೆ ತಿರುಗಿಸಬೇಕು ಎಂಬ ಸಂಕಲ್ಪ, ಅದರ ಸುದ್ದಿಯೇ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಬಹಳ ದಿನದಿಂದ ಅದರದೇ ಧ್ಯಾನ. ನಿಮಗೆ ಪುರುಸೊತ್ತಿದ್ದರೆ ಜಗಲಿ ಮೇಲೆ ಕೂತುಕೊಳ್ಳಿ, ಹೇಳುತ್ತೇನೆ.

ಮೊದಲು ನಮ್ಮ ಭೂಗೋಳ. ಮೂಡಲಪಾಳ್ಯ ಇರುವುದು ವಿಜಯನಗರಕ್ಕೂ ನಾಗರಭಾವಿಗೂ ನಡುವೆ. ಮೆಟ್ರೋ ನಮ್ಮ ಹೊಸ್ತಿಲಿಗೆ ಬಂದಿಲ್ಲ. ಕಾಲು ಗಟ್ಟಿ ಇರುವವರು ಅತ್ತಿಗುಪ್ಪೆಗೋ ವಿಜಯನಗರಕ್ಕೋ ನಡೆದೇ ಹೋಗುತ್ತಾರೆ, ಮಂಡಿನೋವಿನವರು ಆಟೋ ಹಿಡಿಯುತ್ತಾರೆ. ನಮಗೆ ದಕ್ಕಿರುವುದು ನೇರಳೆ ಮಾರ್ಗ, ಪಶ್ಚಿಮದಿಂದ ಪೂರ್ವಕ್ಕೆ ಇಡೀ ಬೆಂಗಳೂರನ್ನು ಹಾದುಹೋಗುವ ಮಾರ್ಗ. ಅದು ಒಂದೇ ದಿನ ಹುಟ್ಟಿದ್ದಲ್ಲ, ತುಂಡು ತುಂಡಾಗಿ ಅವತರಿಸಿದ್ದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಪಶ್ಚಿಮದವರಾದ ನಾವು ಪೇಪರಿನಲ್ಲಿ ಫೋಟೋ ನೋಡಿ ಸಂತೋಷಪಟ್ಟೆವು. 2015ರ ನವೆಂಬರಿನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯವರೆಗಿನ ಭಾಗ ತೆರೆಯಿತು. ಮೈಸೂರು ರಸ್ತೆ, ದೀಪಾಂಜಲಿ ನಗರ, ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ಅಷ್ಟೇ, ಆರು ಸ್ಟೇಷನ್ನು; ಪೂರ್ವದ ಹಳಿಗೂ ಇದಕ್ಕೂ ಇನ್ನೂ ನೆಂಟಸ್ತಿಕೆಯೇ ಕೂಡಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸುತ್ತಿ, ಮೇಲಿನಿಂದ ತಮ್ಮ ತಮ್ಮ ಬೀದಿ ಗುರುತಿಸಿ, ಯಾರ ಮನೆ ತಾರಸಿ ಮೇಲೆ ಏನು ಒಣಗಿಹಾಕಿದ್ದಾರೆ ಎಂಬುದನ್ನೂ ನೋಡಿಕೊಂಡು ಬರುತ್ತಿದ್ದರು. 2016ರ ಏಪ್ರಿಲ್ ಕೊನೆಗೆ ನಡುವಿನ ಸುರಂಗ ತೆರೆದು ಪೂರ್ವ ಪಶ್ಚಿಮ ಕೂಡಿಕೊಂಡವು. 2021ರ ಆಗಸ್ಟಿನಲ್ಲಿ ಮಾರ್ಗ ಕೆಂಗೇರಿ ಮುಟ್ಟಿತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಇನ್ನೊಂದು ಒಂಟಿ ತುಂಡು ಶುರುವಾಗಿ, ಅದೇ ವರ್ಷ ಅಕ್ಟೋಬರ್ 9ರಂದು ಎಲ್ಲ ಸೇರಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43.49 ಕಿಲೋಮೀಟರ್, 37 ಸ್ಟೇಷನ್ನುಗಳ ಅಖಂಡ ಮಾರ್ಗವಾಯಿತು.

ಹಳಿ ಕೂಡಿಸಿದರೆ ಎಂಜಿನಿಯರ ಕೆಲಸ ಮುಗಿಯಿತು. ವೇಳಾಪಟ್ಟಿ ಹಾಕುವವರ ಕೆಲಸ ಶುರುವಾಗುವುದೇ ಆಮೇಲೆ, ಎಂದು ನಾವು ತಿಳಿದುಕೊಂಡಿರುತ್ತೇವೆ. ಹಾಗಲ್ಲ, ಅದು ಮುಂಚೆಯೇ ಶುರುವಾಗಬೇಕು ಎನ್ನುವುದೇ ನನ್ನ ವಾದ. ಅದಕ್ಕೆ ಆಮೇಲೆ ಬರುತ್ತೇನೆ, ಈಗ ಸ್ವಲ್ಪ ಮಗ್ಗಿ ನೋಡೋಣ.

ಒಂದು ರೇಕು, ಅಂದರೆ ಬೋಗಿಗಳೆಲ್ಲ ಕೂಡಿದ ಒಂದು ಇಡೀ ರೈಲು, ಹೊರಟ ಸ್ಟೇಷನ್ನಿಗೇ ಮರಳಿ ಬಂದು ಇನ್ನೊಮ್ಮೆ ಹೊರಡಲು ತಯಾರಾಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಲೆಕ್ಕದ ಮೂಲ. ಆ ಹೊತ್ತನ್ನು ಕೈಯಲ್ಲಿರುವ ರೇಕುಗಳಿಂದ ಭಾಗಿಸಿದರೆ ಎಷ್ಟು ನಿಮಿಷಕ್ಕೊಂದು ರೈಲು ಎಂಬುದು ಬರುತ್ತದೆ. ಇದನ್ನು ನಾನು ಮನಸ್ಸಿಗೆ ಇಳಿಯುವಂತೆ ಕಂಡದ್ದು ಹಳದಿ ಮಾರ್ಗದಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್ 11ರಿಂದ ಜನ ಓಡಾಡತೊಡಗಿದಾಗ ಇದ್ದದ್ದು ಮೂರೇ ರೇಕು. ಇಪ್ಪತ್ತೈದು ನಿಮಿಷಕ್ಕೊಂದು ರೈಲು. ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಬಂದಾಗ ಹತ್ತೊಂಬತ್ತು ನಿಮಿಷವಾಯಿತು. ನವೆಂಬರಿನಲ್ಲಿ ಐದನೆಯದು ಬಂದಾಗ ಹದಿನೈದಾಯಿತು. ಇಪ್ಪತ್ತೈದು ಮೂರಲ ಎಪ್ಪತ್ತೈದು, ಹದಿನೈದು ಐದಲ ಎಪ್ಪತ್ತೈದು, ಹತ್ತೊಂಬತ್ತು ನಾಲ್ಕಲ ಎಪ್ಪತ್ತಾರು. ಹೋಗಿ ಬಂದು ತಿರುಗುವುದಕ್ಕೆ ಒಂದೂಕಾಲು ಗಂಟೆ ಎಂಬುದು ಯಾರೂ ಹೇಳದೆಯೇ ಹೊರಬಿತ್ತು ನೋಡಿ. ಪೇಪರಿನಲ್ಲಿ ಮೂರು ಬೇರೆ ಬೇರೆ ತಿಂಗಳಲ್ಲಿ ಬಂದ ಮೂರು ಪುಟ್ಟ ಸುದ್ದಿಗಳನ್ನು ಜೋಡಿಸಿದಾಗ ಇಷ್ಟು ಚೊಕ್ಕವಾದ ಗಣಿತ ಕಾಣಿಸಿಕೊಂಡಿತಲ್ಲ, ಅದರ ಆನಂದವನ್ನು ನಾನು ಮನೆಯವರಿಗೆಲ್ಲ ಹೇಳಿ, ಎದುರುಮನೆಯವರಿಗೂ ಹೇಳಿ ಬಂದೆ.

ಈಗ ನೇರಳೆ ಮಾರ್ಗಕ್ಕೆ ಬನ್ನಿ. ತುದಿಯಿಂದ ತುದಿಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ಹೋಗಿ, ತಿರುಗಿ, ಬಂದು, ಮತ್ತೆ ತಿರುಗುವುದಕ್ಕೆ ಮೂರು ಗಂಟೆ, ಅಂದರೆ ನೂರೆಂಬತ್ತು ನಿಮಿಷ ಎಂದಿಟ್ಟುಕೊಳ್ಳೋಣ. ಹತ್ತು ನಿಮಿಷಕ್ಕೊಂದು ರೈಲಾದರೆ 18 ರೇಕು ಸಾಕು. ಐದು ನಿಮಿಷಕ್ಕೊಂದಾದರೆ 36 ಬೇಕು. ಮೂರು ನಿಮಿಷಕ್ಕೊಂದು ಬೇಕೆಂದರೆ 60. ಮಾರ್ಗ ಅಖಂಡವಾದ 2023ರಲ್ಲಿ ನೇರಳೆ, ಹಸಿರು ಎರಡಕ್ಕೂ ಸೇರಿ ಇದ್ದದ್ದು 57 ರೇಕು. ಅದರಲ್ಲೂ ಒಂದೆರಡು ಯಾವಾಗಲೂ ಡಿಪೋದಲ್ಲಿ ರಿಪೇರಿಗೆ ನಿಂತಿರಬೇಕು, ಒಂದೆರಡು ಆಪದ್ಧನವಾಗಿ ಪಕ್ಕದಲ್ಲಿರಬೇಕು. ಆದ್ದರಿಂದ ಎಲ್ಲ ರೈಲನ್ನೂ ತುದಿಯಿಂದ ತುದಿಗೆ ಓಡಿಸುತ್ತೇವೆ ಎಂಬ ಸಮದರ್ಶಿತ್ವ ಕೇಳಲಿಕ್ಕೆ ಧರ್ಮದಂತೆ ಕಂಡರೂ ಮೆಜೆಸ್ಟಿಕ್‌ನಲ್ಲಿ ಬಾಗಿಲಿಗೆ ಮುಗಿಬೀಳುವ ಜನಕ್ಕೆ ಅದರಿಂದ ಉಪಕಾರವಿಲ್ಲ.

ನೀವು ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಸಾರಿನ ಬಕೆಟ್ಟು ಹಿಡಿದವನು ಯಾವಾಗಲೂ ಬಾಗಿಲ ಬಳಿಯ ಮೊದಲನೆಯ ಎಲೆಯಿಂದಲೇ ಶುರುಮಾಡಿದರೆ ನಡುಪಂಕ್ತಿಗೆ ಬರುವಷ್ಟರಲ್ಲಿ ಬಕೆಟ್ಟು ಬರಿದು. ಅವನು ಅಡುಗೆಮನೆಗೆ ಹೋಗಿ ತುಂಬಿಸಿಕೊಂಡು ಬಂದು ಮತ್ತೆ ಮೊದಲ ಎಲೆಗೇ ನಿಂತರೆ ನಡುವಿನವರು ಅನ್ನದ ಮಧ್ಯೆ ಗುಂಡಿ ತೋಡಿಕೊಂಡು ಕಾಯುತ್ತಲೇ ಇರಬೇಕು. ತಿಳಿವಳಿಕಸ್ಥ ಯಜಮಾನ ಏನು ಮಾಡುತ್ತಾನೆ? ಎರಡನೆಯ ಬಕೆಟ್ಟನ್ನು ಪಕ್ಕದ ಬಾಗಿಲಿಂದ ನೇರ ನಡುಪಂಕ್ತಿಗೆ ಕಳಿಸುತ್ತಾನೆ. ಹೀಗೆ ಕೆಲವು ರೈಲನ್ನು ನಡುಭಾಗದಲ್ಲಷ್ಟೇ ಓಡಿಸಿ ತಿರುಗಿಸುವುದಕ್ಕೆ ರೈಲಿನವರ ಮಾತಿನಲ್ಲಿ ಶಾರ್ಟ್ ಲೂಪ್ ಎಂದು ಹೆಸರು. 2023ರ ಅಕ್ಟೋಬರಿನಲ್ಲಿ ಇಡೀ ಮಾರ್ಗ ತೆರೆದಾಗ ದಟ್ಟಣೆಯ ಹೊತ್ತಿನಲ್ಲಿ ಎರಡು ತುದಿಗಳಲ್ಲಿ, ಅಂದರೆ ಚಲ್ಲಘಟ್ಟದಿಂದ ಮೈಸೂರು ರಸ್ತೆಯವರೆಗೆ ಮತ್ತು ಅತ್ತ ಪಟ್ಟಂದೂರು ಅಗ್ರಹಾರದಿಂದ ವೈಟ್‌ಫೀಲ್ಡ್‌ವರೆಗೆ, ಹತ್ತು ನಿಮಿಷಕ್ಕೊಂದು. ನಡುವೆ ಮೈಸೂರು ರಸ್ತೆಗೂ ಪಟ್ಟಂದೂರು ಅಗ್ರಹಾರಕ್ಕೂ ಐದು ನಿಮಿಷಕ್ಕೊಂದು ಎಂದು ಗೊತ್ತುಮಾಡಿದರು. ಅಷ್ಟಾದರೂ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ಇಳಿದವರು, ಊರುಗಳಿಂದ ರೈಲಿನಲ್ಲಿ ಬಂದವರು, ಬಸ್‌ಸ್ಟ್ಯಾಂಡಿನಿಂದ ಧಾವಿಸಿದವರು ಒಟ್ಟೊಟ್ಟಿಗೆ ಪೂರ್ವದ ಕಡೆ ನುಗ್ಗುವುದನ್ನು ಕಂಡು, ಬೆಳಗಿನ ಹೊತ್ತು ಕೆಲವು ರೈಲುಗಳನ್ನು ಮೆಜೆಸ್ಟಿಕ್‌ನಿಂದಲೇ ಖಾಲಿ ಹೊರಡಿಸಿ ಗರುಡಾಚಾರ್‌ಪಾಳ್ಯದವರೆಗೆ ಓಡಿಸತೊಡಗಿದರು. ಆಮೇಲೆ ಅವುಗಳಲ್ಲಿ ಕೆಲವನ್ನು ಇನ್ನೂ ಮುಂದಕ್ಕೆ, ಪಟ್ಟಂದೂರು ಅಗ್ರಹಾರ, ವೈಟ್‌ಫೀಲ್ಡ್‌ಗೆ ಎಳೆದರು. ಯಾರಿಗೂ ಡಂಗುರ ಸಾರದ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅತ್ತಿಗುಪ್ಪೆಯಲ್ಲಿ ಹತ್ತಿ ಒಳಗೆ ನಿಂತ ನಮ್ಮ ಮೇಲೆ ಮೆಜೆಸ್ಟಿಕ್ ಇಡೀ ಬಂದು ಬೀಳುವುದು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಇದಕ್ಕೆ ತಗಾದೆ ಇಲ್ಲವೇ ಎಂದರೆ, ಇದೆ. ನನ್ನ ಅಕ್ಕನ ಮನೆ ಕೆಂಗೇರಿ ಉಪನಗರದಲ್ಲಿ. ಭಾವ ಸಂಜೆ ಮೆಜೆಸ್ಟಿಕ್‌ನಲ್ಲಿ ಬೋರ್ಡು ನೋಡಿಕೊಂಡು ನಿಲ್ಲಬೇಕು, ಬರುವುದು ಚಲ್ಲಘಟ್ಟದ್ದೋ ಮೈಸೂರು ರಸ್ತೆಯದ್ದೋ ಎಂದು. "ನಿಂಗೇನಪ್ಪ, ಯಾವ್ದು ಬಂದ್ರೂ ಹತ್ತುತೀಯ, ಅತ್ತಿಗುಪ್ಪೇಲಿ ಇಳೀತೀಯ" ಎಂದು ಒಂದು ದಿನ ಪ್ಲಾಟ್‌ಫಾರಂ ಮೇಲೆ ಸಿಕ್ಕಿದವರು ಹೇಳಿದರು. ಮಾತು ಸತ್ಯ. ಮೂಡಲಪಾಳ್ಯದವರ ಭಾಗ್ಯವೇ ಅದು. ಮೈಸೂರು ರಸ್ತೆಯಲ್ಲಿ ತಿರುಗುವ ರೈಲೂ ನಮ್ಮದೇ, ಮುಂದೆ ಹೋಗುವ ರೈಲೂ ನಮ್ಮದೇ. "ಈಗ ಬಂದಿದ್ದಕ್ಕೆ ಹತ್ತಿಬಿಡಿ ಭಾವ" ಎಂದೆ ನಾನು. "ಮೈಸೂರು ರಸ್ತೇಲಿ ಇಳಿದು ನಿಂತ್ರೆ ಹಿಂದೆ ಬರೋ ಅದೇ ಚಲ್ಲಘಟ್ಟದ ರೈಲೇ ನಿಮ್ಗೆ ಸಿಗೋದು, ಹೊತ್ತೇನೂ ಹೆಚ್ಚಾಗಲ್ಲ. ವಿಜಯನಗರ, ಅತ್ತಿಗುಪ್ಪೇಲಿ ಅರ್ಧ ಜನ ಇಳಿದಿರ್ತಾರೆ, ಕೂರೋಕೆ ಜಾಗಾನೂ ಆಗುತ್ತೆ." ಅವರು ಸ್ವಲ್ಪ ಹೊತ್ತು ಯೋಚಿಸಿ, ಬ್ಯಾಗು ಭುಜ ಬದಲಿಸಿಕೊಂಡು, "ಲೆಕ್ಕ ಸರಿ ಕಣಯ್ಯಾ. ಆದ್ರೆ ಸಾಯಂಕಾಲ ಒಂದ್ಸಲ ಕೂತ್ಮೇಲೆ ಮತ್ತೆ ಎದ್ದು ಇಳಿಯೋದು ಅಂದ್ರೆ ಮನಸ್ಸು ಬರಲ್ಲ" ಎಂದರು. ಈ ಮಾತನ್ನು ನಾನು ಮರೆಯುವುದಿಲ್ಲ. ನಿಮಿಷದ ಲೆಕ್ಕದಲ್ಲಿ ಎರಡೂ ಒಂದೇ ಆಗಿದ್ದರೂ ದಣಿದ ದೇಹಕ್ಕೆ ಎರಡೂ ಒಂದೇ ಅಲ್ಲ. ಯೋಜನೆ ಮಾಡುವವರು ಇಳಿದು ಹತ್ತುವ ಶ್ರಮಕ್ಕೂ ಒಂದಷ್ಟು ನಿಮಿಷ ಕಟ್ಟಿ ಲೆಕ್ಕಕ್ಕೆ ಸೇರಿಸಬೇಕು.

ಮಾತು ಬಂದದ್ದಕ್ಕೆ ನೆನಪಾಯಿತು. ಭಾವನ ಊರು, ನನ್ನ ಊರು ಎರಡೂ ಮದ್ದೂರಿನ ಕಡೆಯವೇ. ನಾನು ಚಿಕ್ಕವನಾಗಿದ್ದಾಗ ಬೆಂಗಳೂರಿಗೆ ಹೊರಟರೆ ತಾತ ಬಸ್ಸು ಹತ್ತುತ್ತಿರಲಿಲ್ಲ, ಪ್ಯಾಸೆಂಜರ್ ರೈಲೇ ಆಗಬೇಕು. ಆಗ ಒಂಟಿ ಹಳಿ. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಹತ್ತಿದರೆ ಶೆಟ್ಟಿಹಳ್ಳಿ, ಚನ್ನಪಟ್ಟಣ, ರಾಮನಗರ ಎಂದು ನಾನು ಸ್ಟೇಷನ್ನುಗಳ ಸಹಸ್ರನಾಮ ಹೇಳಿಕೊಂಡು ಕಿಟಕಿಗೆ ಅಂಟಿಕೊಳ್ಳುತ್ತಿದ್ದೆ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಬುಟ್ಟಿಗಳು ಡಬ್ಬಿಯೊಳಕ್ಕೆ ಬರುತ್ತಿದ್ದವು. ಅಲ್ಲಿಂದ ಹೊರಟು, ಇನ್ನೇನು ಬೆಂಗಳೂರು ಬಂತು ಎಂದು ಎಲ್ಲರೂ ಚೀಲ ಕೆಳಗಿಳಿಸುವ ಹೊತ್ತಿಗೆ ರೈಲು ಹೆಜ್ಜಾಲದಲ್ಲಿ ಪಕ್ಕದ ಹಳಿಗೆ ಸರಿದು ನಿಂತುಬಿಡುತ್ತಿತ್ತು. "ಕ್ರಾಸಿಂಗು" ಎಂದು ನಾಲ್ಕಾರು ದನಿ ಒಟ್ಟಿಗೆ ಹೇಳಿ, ಚೀಲಗಳು ಮತ್ತೆ ಮೇಲೆ ಹೋಗುತ್ತಿದ್ದವು.

ತಾತ ನನ್ನನ್ನು ಕೆಳಗಿಳಿಸಿ ತೋರಿಸುತ್ತಿದ್ದರು. ಸ್ಟೇಷನ್ನಿನವನೊಬ್ಬ ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ಪ್ಲಾಟ್‌ಫಾರಮಿನ ಅಂಚಿಗೆ ನಿಲ್ಲುತ್ತಿದ್ದ. ಬಳೆಯ ಬುಡದಲ್ಲಿ ಚರ್ಮದ ಪುಟ್ಟ ಚೀಲ, ಚೀಲದೊಳಗೆ ಲೋಹದ ಒಂದು ಗುಂಡು. ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸಿನ ಎಂಜಿನ್ನಿನಿಂದ ಒಬ್ಬ ಮೈ ಹೊರಚಾಚಿ, ತನ್ನ ಕೈಯಲ್ಲಿದ್ದ ಬಳೆಯನ್ನು ಕೆಳಕ್ಕೆ ಎಸೆದು, ಈ ಬಳೆಯೊಳಗೆ ತೋಳು ತೂರಿಸಿ ಕಸಿದುಕೊಂಡು ಹೋಗುತ್ತಿದ್ದ. ಆ ಗುಂಡು ಯಾರ ಕೈಯಲ್ಲಿದೆಯೋ ಅವನ ರೈಲು ಮಾತ್ರ ಮುಂದಿನ ಸ್ಟೇಷನ್ನಿನವರೆಗಿನ ಹಳಿಗೆ ಒಡೆಯ. ಗುಂಡಿಲ್ಲದೆ ಇನ್ನೊಂದು ರೈಲು ಆ ಹಳಿಗೆ ಕಾಲಿಡುವ ಹಾಗಿಲ್ಲ. ಎಕ್ಸ್‌ಪ್ರೆಸ್ಸು ಎಬ್ಬಿಸಿದ ಧೂಳು ಕೂತಮೇಲೆ ತಾತ, "ಅವನು ಬೇಗ ಹೋಗ್ಬೇಕು, ನಾವು ಎಲ್ಲಾ ಊರಿನವರನ್ನೂ ಹತ್ತಿಸ್ಕೊಂಡು ಹೋಗ್ಬೇಕು. ಇಬ್ರಿಗೂ ಇರೋದು ಒಂದೇ ಹಳಿ. ಈ ಹೆಜ್ಜಾಲದಲ್ಲಿ ಇನ್ನೊಂದು ಹಳಿ ಹಾಕಿಟ್ಟಿರೋದ್ರಿಂದ ತಾನೇ ಬಾಳು ನಡೀತಾ ಇರೋದು" ಎನ್ನುತ್ತಿದ್ದರು. ಈಗ ಅಲ್ಲಿ ಜೋಡಿ ಹಳಿ, ವಿದ್ಯುತ್ ತಂತಿ ಎಲ್ಲ ಬಂದಿದೆ, ಬೆತ್ತದ ಬಳೆಯೂ ಹೋಗಿದೆ. ಆದರೆ ತಾತ ಹೇಳಿದ್ದರ ಪೂರ್ಣಾರ್ಥ ನನಗೆ ಹೊಳೆದದ್ದು ಮೆಟ್ರೋ ಬಂದಮೇಲೆ.

ಏಕೆಂದರೆ ಮೆಟ್ರೋದಲ್ಲಿ ಹೆಜ್ಜಾಲವಿಲ್ಲ. ಹೋಗುವುದಕ್ಕೊಂದು ಹಳಿ, ಬರುವುದಕ್ಕೊಂದು ಹಳಿ. ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ಹಿಂದಿನವನಿಗೆ ದಾರಿ ಕೊಡುವ ಮೂರನೆಯ ಹಳಿ ಇರುವುದಿಲ್ಲ. ಹಾಗಾಗಿ ಚಲ್ಲಘಟ್ಟದಿಂದ ಹೊರಟು ವಿಜಯನಗರ, ಮೆಜೆಸ್ಟಿಕ್, ಇಂದಿರಾನಗರ ಇಷ್ಟಕ್ಕೇ ನಿಂತು ವೈಟ್‌ಫೀಲ್ಡ್‌ಗೆ ಹಾರುವ ವೇಗದೂತ ರೈಲು ಬಿಡಿ ಎಂದು ಯಾರಾದರೂ ಕೇಳಿದರೆ, ಕೇಳುವವರೂ ಇದ್ದಾರೆ, ಬಿಡಲಾಗುವುದಿಲ್ಲ. ಅದು ಮೂರು ಸ್ಟೇಷನ್ನು ಹಾರುವಷ್ಟರಲ್ಲಿ ಮುಂದಿನ ರೈಲಿನ ಬೆನ್ನಿಗೆ ಬಂದು ನಿಲ್ಲುತ್ತದೆ. ಮುಂಬೈಯಲ್ಲಿ ಸ್ಲೋ, ಫಾಸ್ಟ್ ಎಂಬ ಎರಡು ಜಾತಿಯ ಲೋಕಲ್‌ಗಳು ಸಲೀಸಾಗಿ ಓಡುವುದು ಅಲ್ಲಿ ಎರಡು ಜೋಡಿ ಹಳಿ ಇರುವುದರಿಂದ. ಅಲ್ಲಿಯ ವಿರಾರ್ ಫಾಸ್ಟ್‌ಗೆ ಬೋರಿವಲಿಯವರು ಹತ್ತಿದರೆ ವಿರಾರಿನವರು ಇಳಿಯಲು ಬಿಡುವುದಿಲ್ಲ ಎಂಬ ಮಾತು ಅಲ್ಲಿರುವ ನಮ್ಮ ಕನ್ನಡದವರ ಬಾಯಲ್ಲೂ ಕೇಳಿದ್ದೇನೆ. ದೂರದವರ ರೈಲನ್ನು ಹತ್ತಿರದವರು ತುಂಬಿಬಿಟ್ಟರೆ ದೂರದವರು ಎಲ್ಲಿಗೆ ಹೋಗಬೇಕು? ಭಾವನ ಸಂಕಟವೂ ಒಂದು ರೀತಿಯಲ್ಲಿ ಇದೇ: ಚಲ್ಲಘಟ್ಟದ ರೈಲಿಗೆ ನಾನು ಹತ್ತಿದರೆ ಅವರ ಒಂದು ಜಾಗ ಹೋಯಿತು. ಈ ವಿಷಯ ಅರ್ಥವಾದಮೇಲೆ ನಾನು ಸಂಜೆ ಮೈಸೂರು ರಸ್ತೆಯ ರೈಲು ಬರುವುದಿದ್ದರೆ ಅದಕ್ಕೇ ಹತ್ತುತ್ತೇನೆ.

ಅಂತೂ ಮೆಟ್ರೋದಲ್ಲಿ ಯೋಜಕರ ಕೈಗೆ ಉಳಿಯುವ ಸ್ವಾತಂತ್ರ್ಯ ಒಂದೇ, ಯಾವ ರೈಲು ಎಲ್ಲಿ ತಿರುಗಬೇಕು ಎಂಬುದು. ಅದೂ ಎಲ್ಲೆಂದರಲ್ಲಿ ಆಗುವುದಲ್ಲ. ರೈಲು ತಿರುಗಬೇಕಾದರೆ ಹೋಗುವ ಹಳಿಯಿಂದ ಬರುವ ಹಳಿಗೆ ದಾಟಲು ಪಾಯಿಂಟುಗಳು ಬೇಕು, ಸಿಗ್ನಲ್ ಬೇಕು, ಹಿಂದಿನ ರೈಲಿಗೆ ಅಡ್ಡವಾಗದಂತೆ ಕೆಲವು ನಿಮಿಷ ನಿಲ್ಲಲು ಒಂದು ಪಕ್ಕದ ಹಳಿ ಇದ್ದರೆ ಇನ್ನೂ ಒಳ್ಳೆಯದು. ಆರು ಬೋಗಿಯ ರೈಲಿನ ಈ ತುದಿಯಿಂದ ಆ ತುದಿಗೆ ನೂರಿಪ್ಪತ್ತು ಮೀಟರಿಗೂ ಮೇಲೆ. ಓಡಿಸುವವರು ಮುಂದಿನ ಕ್ಯಾಬಿನ್ನು ಬಿಟ್ಟು ಇಳಿದು, ಜನದ ನಡುವೆ ದಾರಿ ಮಾಡಿಕೊಂಡು ಹಿಂದಿನ ಕ್ಯಾಬಿನ್ನಿಗೆ ಹೋಗಿ ಕೂರುವುದಕ್ಕೇ ಎರಡು ನಿಮಿಷ. ಎರಡು ನಿಮಿಷ ಎಂದರೆ ನಿಮಗೂ ನನಗೂ ಏನೂ ಅಲ್ಲ, ಮೂರು ನಿಮಿಷಕ್ಕೊಂದು ರೈಲು ಬರುವ ಹಳಿಯ ಮೇಲೆ ಅದು ಮಹಾಕಾಲ. ಅದಕ್ಕೇ ಗಿಜಿಗುಡುವ ಮೆಟ್ರೋಗಳಲ್ಲಿ ಇನ್ನೊಬ್ಬರು ಮೊದಲೇ ಬಂದು ಹಿಂದಿನ ತುದಿಯ ಕ್ಯಾಬಿನ್ನಿನ ಜಾಗದಲ್ಲಿ ನಿಂತಿರುತ್ತಾರೆ. ರೈಲು ನಿಂತ ಕೂಡಲೇ ಅವರು ಹತ್ತಿ ಹೊರಡಿಸುತ್ತಾರೆ, ಬಂದವರು ಇಳಿದು ಮುಂದಿನ ರೈಲಿಗೆ ಕಾಯುತ್ತಾರೆ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಕಾಣುವ ಉಪಾಯವೂ ಇದೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನುಗಳನ್ನು ಬರೆದು, ಪ್ರತಿ ರೈಲಿಗೂ ಒಂದು ಓರೆಗೆರೆ ಎಳೆಯುವುದು. ಫ್ರಾನ್ಸಿನ ಮಾರೇ ಎಂಬ ಶರೀರವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ಪ್ಯಾರಿಸ್‌ನಿಂದ ಲಿಯೋನ್‌ಗೆ ಹೋಗುವ ರೈಲುಗಳ ಇಂಥ ಚಿತ್ರವನ್ನು ತನ್ನ ಪುಸ್ತಕದಲ್ಲಿ ಅಚ್ಚುಹಾಕಿಸಿದ್ದ. ನಮ್ಮ ರೈಲ್ವೆ ಕಂಟ್ರೋಲ್ ಆಫೀಸುಗಳಲ್ಲಿ ಸೆಕ್ಷನ್ ಕಂಟ್ರೋಲರುಗಳು ದಿನವೂ ಬಣ್ಣದ ಪೆನ್ಸಿಲಿನಲ್ಲಿ ಇದನ್ನೇ ಎಳೆಯುತ್ತಿದ್ದರು, ಈಗ ಕಂಪ್ಯೂಟರು ಎಳೆಯುತ್ತದೆ. ಗೆರೆ ಕಡಿದಾಗಿದ್ದರೆ ರೈಲು ವೇಗ, ಮಲಗಿದ್ದರೆ ನಿಧಾನ. ಶಾರ್ಟ್ ಲೂಪಿನ ಗೆರೆಗಳು ಹಾಳೆಯ ನಡುವೆಯೇ ಮೂತಿ ತಿರುಗಿಸಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡುತ್ತವೆ. ಹಾಳೆಯಲ್ಲಿ ಎಲ್ಲೆಲ್ಲಿ ಬಿಳಿ ಜಾಗ ಅಗಲವಾಗಿದೆಯೋ ಅಲ್ಲೆಲ್ಲ ಜನ ಕಾಯುತ್ತಿದ್ದಾರೆಂದು ಅರ್ಥ. ಪ್ರತಿ ಮೆಟ್ರೋ ಸ್ಟೇಷನ್ನಿನಲ್ಲೂ ಆ ಹಾಳೆಯನ್ನು ದೊಡ್ಡದಾಗಿ ಅಚ್ಚು ಮಾಡಿಸಿ ಗೋಡೆಗೆ ಹಾಕಬೇಕು ಎಂಬುದು ನನ್ನ ಆಸೆ. ಶಾಲೆಯ ಮಕ್ಕಳು ಅದನ್ನು ಐದು ನಿಮಿಷದಲ್ಲಿ ಓದಲು ಕಲಿಯುತ್ತಾರೆ, ಕಲಿತವರು ಮುಂದೆ ಕೇಳಬೇಕಾದ್ದನ್ನು ಕೇಳುತ್ತಾರೆ.

ತಿರುಗುವ ಜಾಗವನ್ನು ಮೊದಲೇ ಯೋಚಿಸಿದವರೂ ಇದ್ದಾರೆ. ಲಂಡನ್ನಿನವರು ತಮ್ಮ ನಗರವನ್ನು ಅಡ್ಡ ಹಾಯುವ ಎಲಿಜಬೆತ್ ಮಾರ್ಗವನ್ನು 2022ರ ಮೇ 24ರಂದು ತೆರೆದಾಗಲೂ ನಮ್ಮ ಹಾಗೆಯೇ ತುಂಡು ತುಂಡಾಗಿಯೇ ಶುರುಮಾಡಿದರು. ನಡುವಿನ ಸುರಂಗ ಮೊದಲು, ಆ ನವೆಂಬರಿನಲ್ಲಿ ಎರಡೂ ಕಡೆಯ ಕೊಂಬೆಗಳ ಜೋಡಣೆ, 2023ರ ಮೇ ತಿಂ‌ಗಳಿಗೆ ಪೂರ್ಣ ವೇಳಾಪಟ್ಟಿ. ದಟ್ಟಣೆಯ ಹೊತ್ತಿನಲ್ಲಿ ಸುರಂಗದೊಳಗೆ ಗಂಟೆಗೆ 24 ರೈಲು. ಪೂರ್ವದಲ್ಲಿ ಅವು ಎರಡು ಕೊಂಬೆಗಳಿಗೆ ಹಂಚಿಹೋಗುತ್ತವೆ. ಪಶ್ಚಿಮದಲ್ಲಿ ಬೇರೆ ರೈಲುಗಳೂ ಓಡುವ ಹಳೆಯ ಹಳಿ, ಅಷ್ಟಕ್ಕೂ ಜಾಗವಿಲ್ಲ. ಆದ್ದರಿಂದ ಬಹಳಷ್ಟು ರೈಲು ಪ್ಯಾಡಿಂಗ್ಟನ್ ದಾಟಿದ ಕೂಡಲೇ ತಿರುಗಿಕೊಳ್ಳುತ್ತವೆ. ಅಲ್ಲಿ ಮೆಚ್ಚಬೇಕಾದದ್ದು ಏನೆಂದರೆ, ಅವು ಅಲ್ಲೇ ತಿರುಗಬೇಕೆಂದು ಮೊದಲೇ ತಿಳಿದು, ತಿರುಗುವುದಕ್ಕೆಂದೇ ಪ್ಯಾಡಿಂಗ್ಟನ್ನಿನ ಆಚೆ ಹಳಿಗಳನ್ನು ಹಾಸಿಟ್ಟಿದ್ದರು. ವೇಳಾಪಟ್ಟಿ ಮೊದಲು, ಕಾಂಕ್ರೀಟು ಆಮೇಲೆ.

ನಾನು ಆಗ ಅರ್ಧಕ್ಕೆ ಬಿಟ್ಟ ಮಾತು ಇದೇ. ಪಾಯಿಂಟುಗಳನ್ನು ಕಂಬದ ಮೇಲಿನ ಮಾರ್ಗದಲ್ಲಿ ಆಮೇಲೆ ತುರುಕುವುದು ಬಲು ಕಷ್ಟ. ಓಡುವ ರೈಲು ನಿಲ್ಲಿಸಬೇಕು, ಕಂಬ ಅಗಲಿಸಬೇಕು, ಸಿಗ್ನಲ್ ಎಲ್ಲ ಹೊಸದಾಗಿ ಹೊಂದಿಸಬೇಕು. ಇವತ್ತು ಎಲ್ಲಿ ಪಾಯಿಂಟು ಇಡುತ್ತೇವೋ ನಮ್ಮ ಮೊಮ್ಮಕ್ಕಳ ರೈಲೂ ಅಲ್ಲೇ ತಿರುಗುತ್ತದೆ. ಈ ಮಾತು ನಮ್ಮ ಭಾಗಕ್ಕೆ ಈಗ ತುರ್ತಿನದು, ಏಕೆಂದರೆ ಕಿತ್ತಳೆ ಮಾರ್ಗ ನಮ್ಮ ಪಕ್ಕದಲ್ಲೇ ಬರುತ್ತಿದೆ. ಮೂರನೇ ಹಂತ ಎಂದು ಕರೆಯುವ ಇದಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 15,611 ಕೋಟಿ ರೂಪಾಯಿಯ ಅಂದಾಜು. ಒಂದು ಕವಲು ಜೆ.ಪಿ. ನಗರ 4ನೇ ಹಂತದಿಂದ ಹೊರವರ್ತುಲ ರಸ್ತೆ ಹಿಡಿದು ಮೈಸೂರು ರಸ್ತೆ, ನಾಗರಭಾವಿ, ಸುಮನಹಳ್ಳಿ, ಪೀಣ್ಯ, ಹೆಬ್ಬಾಳದ ಮೇಲೆ ಕೆಂಪಾಪುರಕ್ಕೆ, 32.15 ಕಿಲೋಮೀಟರ್. ಇನ್ನೊಂದು ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ ದಾಟಿ ಕಡಬಗೆರೆಗೆ, 12.5 ಕಿಲೋಮೀಟರ್. ಎರಡೂ ಸುಮನಹಳ್ಳಿಯಲ್ಲಿ ಸಂಧಿಸುತ್ತವೆ. ಡಿಪೋ ಕೂಡ ಸುಮನಹಳ್ಳಿಯಲ್ಲೇ.

ಈಗ ಆ ಬಿಳಿ ಹಾಳೆ ತೆಗೆದು ಗೆರೆ ಎಳೆಯೋಣ. ಕಡಬಗೆರೆಯಿಂದ ಬೆಳಗ್ಗೆ ತುಂಬಿಬರುವ ರೈಲು ಹೊಸಹಳ್ಳಿಯಲ್ಲಿ ಕೊನೆಯಾಗುತ್ತದೆ. ಅಷ್ಟೂ ಜನ ಇಳಿದು, ಅಲ್ಲಿ ಬರುವ ನೇರಳೆ ರೈಲಿಗೆ ನುಗ್ಗುತ್ತಾರೆ. ಆ ನೇರಳೆ ರೈಲು ಚಲ್ಲಘಟ್ಟ, ಕೆಂಗೇರಿಯಿಂದ ತುಂಬಿಕೊಂಡು, ಅತ್ತಿಗುಪ್ಪೆ, ವಿಜಯನಗರದಲ್ಲಿ ನಮ್ಮನ್ನೂ ತುರುಕಿಕೊಂಡು ಬಂದಿರುತ್ತದೆ. ಹೊಸಹಳ್ಳಿಯಲ್ಲಿ ಎಲ್ಲಿದೆ ಜಾಗ? ಇವತ್ತು ಮೆಜೆಸ್ಟಿಕ್‌ನಲ್ಲಿ ಕಾಣುವ ನೂಕುನುಗ್ಗಲು ನಾಳೆ ಮೂರು ಸ್ಟೇಷನ್ನು ಈಚೆಗೇ, ನಮ್ಮ ಬಾಗಿಲಿಗೇ ಬರುತ್ತದೆ. ಇದಕ್ಕೆ ಪರಿಹಾರವಾಗಿ ನಾನು ಕೇಳುವುದು ಮೂರು ಸಂಗತಿ. ಕಡಬಗೆರೆಯ ಕೆಲವು ರೈಲಾದರೂ ಸುಮನಹಳ್ಳಿಯಲ್ಲಿ ವರ್ತುಲ ರಸ್ತೆಯ ಹಳಿಗೆ ಹೊರಳಿ ನೇರ ಪೀಣ್ಯದ ಕಡೆಗೋ ಮೈಸೂರು ರಸ್ತೆಯ ಕಡೆಗೋ ಹೋಗುವಂತೆ ಅಲ್ಲಿ ಸೇರುಹಳಿ ಬೇಕು. ಪೀಣ್ಯಕ್ಕೆ ಕೆಲಸಕ್ಕೆ ಹೋಗುವವನು ಹೊಸಹಳ್ಳಿಯ ಕಡೆ ಬರುವುದೇ ಬೇಡ. ಹೊಸಹಳ್ಳಿ–ಮಾಗಡಿ ರಸ್ತೆಯ ಆಸುಪಾಸಿನಿಂದ ಪೂರ್ವಕ್ಕೆ ಖಾಲಿ ನೇರಳೆ ರೈಲು ಹೊರಡಿಸಲು ಸಾಧ್ಯವೇ ಎಂದು ಈಗಲೇ ನೋಡಿಕೊಳ್ಳಬೇಕು. ಮೂರನೆಯದು, ಮೈಸೂರು ರಸ್ತೆಯಿಂದ ಹೊರಡುವ ರೈಲುಗಳನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು. ನಾಗರಭಾವಿ, ಹೊಸಕೆರೆಹಳ್ಳಿ ಕಡೆಯಿಂದ ಕಿತ್ತಳೆ ರೈಲಿನಲ್ಲಿ ಬಂದವರು ನೇರಳೆಗೆ ಹತ್ತುವುದು ಅಲ್ಲೇ, ಅವರಿಗೆ ಅಲ್ಲೇ ಹುಟ್ಟುವ ಖಾಲಿ ರೈಲಿಗಿಂತ ದೊಡ್ಡ ಉಪಕಾರವಿಲ್ಲ. ಭಾವನಿಗೆ ಇದನ್ನು ಹೇಳಿದಾಗ, "ಹಂಗಾದ್ರೆ ಚಲ್ಲಘಟ್ಟದ ರೈಲೂ ಹೆಚ್ಚಿಸಲಿ" ಎಂದರು. ಖಂಡಿತ ಹೆಚ್ಚಿಸಬೇಕು, ಹೊಸ ರೇಕುಗಳು ಬಂದ ಹಾಗೆಲ್ಲ ಮೊದಲು ಅವರ ಹತ್ತು ನಿಮಿಷ ಕಡಿಮೆಯಾಗಬೇಕು.

ಕೆಂಗೇರಿಯವರಿಗೆ ಇನ್ನೊಂದು ಆಸೆಯೂ ಇದೆ, ಪಾರಿಜಾತ. ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಸಂಪಿಗೆ, ಮಲ್ಲಿಗೆ, ಕನಕದ ಜತೆಗಿರುವ ಹೆಸರು ಅದು. ಕೆಂಗೇರಿಯಿಂದ ಸಿಟಿ ಸ್ಟೇಷನ್, ಕಂಟೋನ್ಮೆಂಟ್ ಮೇಲೆ ವೈಟ್‌ಫೀಲ್ಡ್‌ಗೆ 35.52 ಕಿಲೋಮೀಟರ್. 2022ರ ಜೂನ್ 20ರಂದು ಇಡೀ ಯೋಜನೆಗೆ ಶಂಕುಸ್ಥಾಪನೆಯಾಯಿತು, ಕೆಲಸ ಮೊದಲು ಮಲ್ಲಿಗೆ, ಕನಕಕ್ಕೆ ಹೋಯಿತು, ಪಾರಿಜಾತ ಇನ್ನೂ ಕಾಗದದ ಮೇಲಿದೆ. ಮೆಟ್ರೋ ಹೋಗುವ ಎರಡು ತುದಿಗೇ ಇದೂ ಹೋಗುವುದಾದರೆ ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಹೆಜ್ಜಾಲದಿಂದ ಬಂದದ್ದು. ಮೆಟ್ರೋ ಎಲ್ಲ ಕಡೆ ನಿಲ್ಲುತ್ತ ಹೋಗಲಿ. ಪಾರಿಜಾತ ಕಡಿಮೆ ಕಡೆ ನಿಂತು ಬೇಗ ಹೋಗಲಿ. ಅದಿನ್ನೂ ಕಾಗದದ ಮೇಲಿರುವುದೇ ನಮಗೆ ಸಿಕ್ಕಿರುವ ಸದವಕಾಶ. ಎರಡು ಮೂರು ಸ್ಟೇಷನ್ನುಗಳಲ್ಲಿ ಪಕ್ಕಕ್ಕೆ ಸರಿಯುವ ಹಳಿ ಈಗಲೇ ಬರೆದುಬಿಟ್ಟರೆ, ಜ್ಞಾನಭಾರತಿ, ನಾಯಂಡಹಳ್ಳಿಯಂಥ ಕಡೆಯೆಲ್ಲ ನಿಲ್ಲುವ ನಿಧಾನದ ರೈಲನ್ನು ಹಿಂದೆ ಹಾಕಿ ವೈಟ್‌ಫೀಲ್ಡ್‌ನ ವೇಗದ ರೈಲು ಹೋಗಬಹುದು, ಎರಡೂ ಊರಿನವರಿಗೆ ಎರಡೂ ಸಿಗುತ್ತದೆ.

ನಾಗರಭಾವಿ ಕಡೆ ಮಣ್ಣುಪರೀಕ್ಷೆಗೆ ಕೊಳವೆ ಇಳಿಸುವವರನ್ನು ಕಂಡರೆ ನಮ್ಮವರು ನಿಂತು, ಕಂಬ ಎಲ್ಲಿ ಬರುತ್ತೆ, ಸ್ಟೇಷನ್ನು ಎಲ್ಲಿ ಬರುತ್ತೆ ಎಂದು ವಿಚಾರಿಸುತ್ತಾರೆ. ಆ ಕೆಲಸಗಾರರಿಗೆ ಪಾಪ ಅದೆಲ್ಲ ಏನು ಗೊತ್ತು. ಕೇಳಬೇಕಾದ್ದು ನಕ್ಷೆ ಬರೆಯುವವರನ್ನು, ವಾರ್ಡಿನ ಸಭೆಯಲ್ಲಿ, ಅಹವಾಲು ಕೇಳುವ ದಿನ, ಶಾಸಕರು ನಮ್ಮ ಬೀದಿಗೆ ಬಂದಾಗ: ಸುಮನಹಳ್ಳಿಯಲ್ಲಿ ಎರಡು ಮಾರ್ಗದ ಹಳಿ ಒಂದಕ್ಕೊಂದು ಸೇರುತ್ತದೆಯೇ, ಹೊಸಹಳ್ಳಿಯಲ್ಲಿ ಇಳಿದವರಿಗೆ ಎಷ್ಟು ನಿಮಿಷಕ್ಕೊಂದು ಖಾಲಿ ರೈಲು, ನಾಗರಭಾವಿಯ ಹತ್ತಿರ ಪಾಯಿಂಟು ಇಟ್ಟಿದ್ದೀರಾ. ಮುಂದಿನ ಸಭೆಗೆ ನಾನಂತೂ ಹೋಗುತ್ತೇನೆ, ನಾನೇ ಎಳೆದ ಓರೆಗೆರೆಗಳ ಹಾಳೆಯೂ ಜತೆಗಿರುತ್ತದೆ. ಭಾವನೂ ಬರುತ್ತೇನೆ ಎಂದಿದ್ದಾರೆ, ನೀವೂ ಬನ್ನಿ.